ನಾನು ನೋಡಬಾರದ ಕಾಗದ

ಕೇಳುವುದಕ್ಕೇ ಮೂರು ದಿನ ಹಿಡಿಯಿತು.
ಮಂಡ್ಯದ ಸರ್ಕಾರಿ ಕಾಲೇಜು, ಸಸ್ಯಶಾಸ್ತ್ರದ ಲ್ಯಾಬು,
ಫಾರ್ಮಲಿನ್ ವಾಸನೆ, ಸೀಸೆಯೊಳಗೆ ಬೆಳ್ಳಗಾದ ಅಣಬೆ,
ಟಿಫನ್ ಡಬ್ಬಿ ತೊಳೆಯುತ್ತಿದ್ದ ಚಿಕ್ಕತಾಯಮ್ಮ ಮೇಡಂ.
‘ಒಂದು ಲೆಟರ್ ಬೇಕಿತ್ತು ಮೇಡಂ. ನಾರ್ವೆಗೆ.’
ತೊಳೆಯುವುದು ನಿಂತಿತು.
‘ಇಂಗ್ಲಿಷಲ್ಲಾ?’

ಲ್ಯಾಟಿನ್ ಆದರೆ ಅವರಿಗೆ ನೀರು ಕುಡಿದ ಹಾಗೆ.
ಒರೈಜಾ ಸಟೈವಾ, ಎಲ್ಯುಸಿನ್ ಕೊರಕಾನಾ,
ಭತ್ತವಿರಲಿ ರಾಗಿಯಿರಲಿ, ಬೋರ್ಡಿನ ಮೇಲೆ
ಒಂದಕ್ಷರ ತಪ್ಪಿದ್ದು ನಾ ಕಾಣೆ.
ಅದು ಯಾರ ಮನೆಯ ಮಾತೂ ಅಲ್ಲವಲ್ಲ,
ತಪ್ಪಿದರೂ ನಗುವವರಿಲ್ಲ.
ಇಂಗ್ಲಿಷಿಗೆ ಮಾತ್ರ
ಸೆರಗಿನ ತುದಿಯಲ್ಲಿ ಮೂಗಿನ ಬೆವರು ಒರೆಸಿಕೊಳ್ಳುವರು.

‘ನೀನೇ ಬರ್ಕೊಂಡ್ ಬಾ, ಸೈನ್ ಹಾಕ್ತೀನಿ.’
ರಾತ್ರಿ ಕೂತೆ.
ಅವರ ಬಾಯಲ್ಲಿ ನನ್ನನ್ನು ನಾನೇ ಹೊಗಳಬೇಕು:
ಹೆಣ್ಣು ನೋಡಲು ಬಂದವರ ಎದುರು
ನಾನೇ ಹುಡುಗಿ, ನಾನೇ ದಲ್ಲಾಳಿ.
ಹರಿದು ಹಾಕಿದೆ.
‘ನೀವು ಹೆಂಗೆ ಹೇಳ್ತೀರೋ ಹಂಗೇ ಸಾಕು ಮೇಡಂ.’
ಡಬ್ಬಿಯ ಮುಚ್ಚಳ ಹಾಕಿದರು, ತೆಗೆದರು,
ಮತ್ತೆ ಹಾಕಿದರು.

ಶನಿವಾರ. ಬಸ್ ಸ್ಟ್ಯಾಂಡ್ ಎದುರು ನಯಾಜನ ಡಿಟಿಪಿ ಅಂಗಡಿ.
‘ನೀನ್ ನೋಡಂಗಿಲ್ವಂತೆ ಕಣವ್ವ, ರೂಲ್ಸಂತೆ, ಆಚೆ ಕೂತ್ಕೊ.’
ಕಬ್ಬಿನಹಾಲಿನ ಗಾಡಿ, ಅಲುಗುವ ಬೆಂಚು, ಗೆಜ್ಜೆ ಕಟ್ಟಿದ ಗಾಣ.
ಕೇಳಬಾರದು ಅಂತ ರೂಲ್ಸಿನಲ್ಲಿ ಇರಲಿಲ್ಲ.

ಮೊದಲು ಫಾರಂ.
ಹುಡುಗಿ ಯಾವ ಸಾಲಿನವಳು: ನೂರಕ್ಕೆ ಎರಡೋ, ಐದೋ, ಹತ್ತೋ?
‘ಕ್ಲಾಸಲ್ಲಿದ್ದದ್ದೇ ಹತ್ತೊಂಬತ್ತು ಜನ ನಯಾಜು,
ಅದ್ರಲ್ಲಿ ನೂರಕ್ಕೆ ಎರಡು ಅಂದ್ರೆ
ಇವಳದೊಂದು ಕಾಲು ಬತ್ತದೆ, ಅಷ್ಟೆ.’
ಕೊನೆಗೆ ಯಾವುದನ್ನು ಒತ್ತಿದರೋ,
ಗಾಣದ ಗೆಜ್ಜೆ ನುಂಗಿತು.

ಆಮೇಲೆ ಕಾಗದ. ಮನೆಯಲ್ಲಿ ಬರೆದು ತಂದದ್ದು.
ನೋಟ್ಸ್ ಬರೆಸುವ ದನಿಯಲ್ಲಿ ಬಿಡಿಸಿ ಬಿಡಿಸಿ ಓದಿದರು:
ಶೀ ಆಸ್ಕ್ಡ್ ಡೌಟ್ಸ್ ಅಪ್ ಟು ಲಾಸ್ಟ್ ಬಸ್.
ನಿಜ. ಏಳೂ ಇಪ್ಪತ್ತರ ಬಸ್ಸು ಎರಡು ಸಲ ತಪ್ಪಿತ್ತು,
ಎರಡು ಸಲವೂ ಮೇಡಂ ಸ್ಕೂಟಿಯಲ್ಲಿ
ನಮ್ಮೂರ ಗೇಟಿನ ತನಕ ಬಂದಿದ್ದರು, ಬೈಯುತ್ತ.

ಹರ್ ಹ್ಯಾಂಡ್ ಈಸ್ ಹ್ಯಾವಿಂಗ್ ಕ್ವಾಲಿಟಿ.
ನಯಾಜನ ಬೆರಳು ನಿಂತಿತು. ‘ಹಂಗಂದ್ರೆ?’
‘ಕೈಗುಣ ಕಣಪ್ಪ. ಇವ್ಳು ಕಟ್ಟಿದ ಕಸಿ ಒಂದೂ ಸಾಯ್ಲಿಲ್ಲ.
ಅದ್ಕೆ ಇಂಗ್ಲಿಷಲ್ಲಿ ಏನಂತಾರೆ, ನಿಂಗೊತ್ತಾ?’
ಅವನಿಗೆ ಗೊತ್ತಿಲ್ಲ.
ನನಗೂ.
ಮೂರು ವರ್ಷದಲ್ಲಿ ಒಂದು ಸಲವೂ ಎದುರಿಗೆ ಹೇಳಿರಲಿಲ್ಲ.
ಲೋಟದ ಐಸು ಕರಗಿ ಕಬ್ಬಿನಹಾಲು ನೀರಾಯಿತು.

‘ಮೇಡಂ, ಕೆಂಪು ಗೆರೆ ಬಿದ್ದಿದೆ.’
ಕುರ್ಚಿ ಸರಿದ ಸದ್ದು.
ಇಪ್ಪತ್ತಾರು ವರ್ಷ ನಮ್ಮಂಥವರ ಉತ್ತರದ ಕೆಳಗೆ
ಕೆಂಪು ಗೆರೆ ಎಳೆದವರು
ಈಗ ಬಗ್ಗಿ ನೋಡುತ್ತಿರಬೇಕು.
‘ಎಲ್ಲೆಲ್ಲಿ?’
‘ನಿಮ್ಮ ಹೆಸರಿನ ಕೆಳಗೆ. ಶಿವಾಂಬಿಕಾ ಕೆಳಗೆ.
ಅವಳ ಊರು ಹೊನ್ನೇಮಡು, ಅದರ ಕೆಳಗೆ.’
‘ಕೈ ವಿಷಯಕ್ಕೆ?’
‘ಅದಕ್ಕೇನೂ ಬಿದ್ದಿಲ್ಲ.’
‘ಸರಿ ಹಂಗಾರೆ. ಹೆಸರು ನಾವ್ ನೋಡ್ಕೋತೀವಿ, ಕಳ್ಸು.’

ಹೊರಗೆ ಬಂದವರೇ, ನಾನು ಪರ್ಸು ತಡಕುವ ಮೊದಲೇ
ಗಾಡಿಯವನಿಗೆ ಇಪ್ಪತ್ತು ರೂಪಾಯಿ ಕೊಟ್ಟರು.
‘ಕೇಳಿಸ್ತಾ?’
‘ಇಲ್ಲ ಮೇಡಂ.’
‘ಹೂಂ’ ಅಂದರು. ಬರೆದು ತಂದ ಹಾಳೆಯನ್ನು
ನಾಲ್ಕಾಗಿ ಮಡಿಸಿ, ಛತ್ರಿಯ ಪಕ್ಕ
ಬ್ಯಾಗಿಗೆ ತುರುಕಿದರು.
‘ನಡಿ, ಬಸ್ ಬತ್ತದೆ.’