ತೇಲುಮೋಡ

ಕಂಪನಿಗಿದ್ದದ್ದು ಒಂದೇ ವಿಮಾನ,
ಅದೂ ಬಾಡಿಗೆಯದು.
ಬಾಲದ ಹೊಸ ನೀಲಿಯಡಿಯಿಂದ
ಹಿಂದಿನ ಯಜಮಾನರ ಹಸಿರು ಇಣುಕುತ್ತಿತ್ತು
ಎಷ್ಟು ಒಗೆದರೂ ಬಿಡದ ಕಲೆಯಂತೆ.
ಹೆಸರು ಮಾತ್ರ ಚಂದ: ಮೇಕ್ ಲೋಯ್.
ಮೇಕ್ ಅಂದರೆ ನಮ್ಮ ಮೇಘವೇ,
ಕಡಲು ದಾಟುವಾಗ ಕೊನೆಯ ಅಕ್ಷರ ಸವೆದಿದೆ.
ಲೋಯ್ ಅಂದರೆ ತೇಲುವುದು.

ಹದಿನಾಲ್ಕು ತಿಂಗಳು ತೇಲಿತು.

ಮೊದಲ ದಿನ ಭಿಕ್ಖುಗಳು ಬಂದು
ಬಾಗಿಲ ನೆತ್ತಿಗೆ ಬೆರಳಲ್ಲಿ ಒಂಬತ್ತು ಬಿಳಿ ಚುಕ್ಕಿ ಇಟ್ಟರು.
ರಯೋಂಗಿನ ಮೀನುಪೇಟೆಯ ಹುಡುಗಿ ಪಿಕುನ್
(ಪಿಕುನ್ ಅಂದರೆ ರಂಜೆಯ ಹೂ)
ಅಂದೇ ಮೊದಲು ನೆಲ ಬಿಟ್ಟದ್ದು.
ಕಿವಿ ಕಟ್ಟಿ ಹೊಟ್ಟೆ ಬಾಯಿಗೆ ಬಂದರೂ
ನೂರೆಂಬತ್ತು ಜನಕ್ಕೆ ಕೈಯೆತ್ತಿ ತೋರಿಸಿದಳು:
ಬಾಗಿಲು ಅಲ್ಲಿ, ಅಲ್ಲಿ, ಮತ್ತೆ ಅಲ್ಲಿ.

ಇರ್ಕೂತ್ಸ್ಕಿನಲ್ಲಿ ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಏಣಿಯ ಬಾಯಲ್ಲಿ ನಿಂತು
ಮೂಗಿನೊಳಗಿನ ಕೂದಲು ಹೆಪ್ಪುಗಟ್ಟುವುದನ್ನು ಕಂಡು ನಕ್ಕಳು.
ಅಲ್ಲಿಂದ ತುಪ್ಪಳದ ಟೋಪಿಗಳು ಹತ್ತುತ್ತಿದ್ದವು,
ಊ-ತಪಾವ್‌ನಲ್ಲಿ ಇಳಿಯುವಾಗ ಎಲ್ಲರ ಕಂಕುಳಲ್ಲೂ ಕೋಟು,
ಸತ್ತ ಕರಡಿ ಹೊತ್ತವರ ಹಾಗೆ.

ಆಮೇಲೊಂದು ಮಂಗಳವಾರ
ಬಾಡಿಗೆ ಕೊಟ್ಟವರು ಕಾಗದ ಹಿಡಿದು ಬಂದರು.
ಮಾಲೀಕನ ಫೋನು ಆಫ್.
ಊರಿಗೆ ಹೊರಟಿದ್ದ ಮುದುಕಿಯರು, ಮಕ್ಕಳು,
ಬಿಸಿಲಿಗೆ ಸುಲಿದ ಮೂಗುಗಳು,
ಎಲ್ಲರೂ ಬೈದದ್ದು ಪಿಕುನ್‌ಳನ್ನೇ.
ಸಮವಸ್ತ್ರ ತೊಟ್ಟವಳು ಅವಳೊಬ್ಬಳೇ ಅಲ್ಲವೆ?
ಎರಡು ರಾತ್ರಿ ನಿಂತೇ ಇದ್ದಳು.
ಬಿಚ್ಚಿಡು ಎಂದು ಯಾರೂ ಹೇಳಿರಲಿಲ್ಲ.
ಉಳಿದ ಬಿಸ್ಕತ್ತು ಹಂಚಿದಳು.
ಒಬ್ಬ ಅಜ್ಜಿ ಅದರಲ್ಲೇ ಅರ್ಧ ಮುರಿದು
ಅವಳ ಬಾಯಿಗಿಟ್ಟಿತು, ಬೈಯುತ್ತಲೇ.

ವಿಮಾನ ಹಾರಿಹೋಯಿತು, ಖಾಲಿ,
ಒಂಬತ್ತು ಚುಕ್ಕಿಯನ್ನೂ ಒರೆಸದೆ.
ಲಾಕರಿನಲ್ಲಿ ಅವಳ ಇನ್ನೊಂದು ಜೊತೆ ಚಪ್ಪಲಿಯಿತ್ತು.

ಮೂರು ತಿಂಗಳ ಸಂಬಳದ ಬದಲು
ಗೋದಾಮಿನಿಂದ ಊಟದ ತಳ್ಳುಗಾಡಿ ತಂದಳು.
ಕಾವಲುಗಾರ ಸೊಂಬುನ್
ಆ ಹೊತ್ತಿಗೆ ಸರಿಯಾಗಿ ಬೀಡಿ ಸೇದಲು ಹೋಗಿದ್ದ.

ಈಗ ಬಾನ್ ಚಾಂಗಿನ ತಿರುವಿನಲ್ಲಿ ಅದೇ ಗಾಡಿ.
ಪ್ರಯಾಣಿಕರ ಬಿಸ್ಕತ್ತಿದ್ದ ಗೂಡಲ್ಲಿ ಸೊಪ್ಪು, ಮೆಣಸಿನಕಾಯಿ,
ಕಾಫಿಯ ಜಾಗದಲ್ಲಿ ಕುದಿಯುವ ಸಾರು.
ಬಡಿಸುವ ಮೊದಲು ಪಾದದಿಂದ ಕೆಂಪು ಬ್ರೇಕು ಒತ್ತುತ್ತಾಳೆ,
ರಸ್ತೆ ಎಲ್ಲಿ ವಾಲೀತೋ ಎಂಬಂತೆ.
ಕಟ್ಟಡ ಕೆಲಸದ ಹುಡುಗರು ಸ್ಟೂಲೆಳೆದು ಕೂತರೆ
ಅದೇ ಹಳೆಯ ದನಿ, ಕತ್ತು ತುಸು ಓರೆ,
ಕಲಿತ ಆರೇ ಆರು ರಷ್ಯನ್ ಮಾತಲ್ಲಿ ಮೂರು:
"ರೀಬಾ ಇಲಿ ಕೂರಿತ್ಸಾ?"
ಮೀನೋ, ಕೋಳಿಯೋ?

ಹುಡುಗರು ನಗುತ್ತಾರೆ.
ಅವಳಲ್ಲಿರುವುದು ಹಂದಿಮಾಂಸದ ಶಾವಿಗೆಯೊಂದೇ.