ಕಾಯಿದೆ ಒಪ್ಪುವ ತಪ್ಪು

ಗೋಣಿಕೊಪ್ಪಲಿನ ಬಸ್ ನಿಲ್ದಾಣದ ಹಿಂದೆ
ನನ್ನದೊಂದು ಅಂಗಡಿ: ಹಂಸ ತಕ್ಕಡಿ ರಿಪೇರಿ.
ಹಾಲು ನೀರು ಬೇರೆ ಮಾಡುವ ಹಂಸ ಅಲ್ಲ,
ಮಾಪಿಳ್ಳೆ ಹಂಸ. ಅಬ್ಬ ಇಟ್ಟ ಹೆಸರು.
ಮೀನಿನವರ, ಮೆಣಸಿನವರ, ಕಾಫಿ ಸಾಹುಕಾರರ
ಸುಳ್ಳು ಕಲಿತ ಕಬ್ಬಿಣಕ್ಕೆ
ನಿಜ ನೆನಪಿಸುವುದು ನನ್ನ ಕಸುಬು.

ತೂಕದ ಕಲ್ಲಿನ ತಳದಲ್ಲಿ ಒಂದು ಕುಳಿ ಇರುತ್ತದೆ,
ನೀವು ನೋಡಿರಲಿಕ್ಕಿಲ್ಲ.
ಕೈಯಿಂದ ಕೈಗೆ ಸವೆದು ಕಲ್ಲು ಹಗುರಾದಾಗ
ಸೀಸ ಕಾಸಿ ಅಲ್ಲಿಗೆ ಹೊಯ್ಯುತ್ತೇನೆ.
ಆದರೂ ಪೂರ್ತಿ ಸಮ ಎಂಬುದಿಲ್ಲ.
ಕಿಲೋಗೆ ಇಷ್ಟು ಎಂದು ಕಾಯಿದೆಯೇ ಒಪ್ಪುತ್ತದೆ
ಒಂದು ಚೂರು ತಪ್ಪು;
ಮುದ್ರೆ ಬೀಳುತ್ತದೆ, ಅದನ್ನೂ ಸೇರಿಸಿ.

ತಪ್ಪಿಲ್ಲದ ಕಲ್ಲು ಮಡಿಕೇರಿಯ ಆಫೀಸಿನಲ್ಲಿದೆ,
ಮಖಮಲ್ಲಿನ ಪೆಟ್ಟಿಗೆಯಲ್ಲಿ.
ಬರಿಗೈಲಿ ಮುಟ್ಟುವಂತಿಲ್ಲ, ಬೆವರಂಟಿದರೆ ಕೆಟ್ಟಿತು.
ಇನ್ಸ್‌ಪೆಕ್ಟರು ಚಿಮುಟದಲ್ಲಿ ಎತ್ತಿ
ಉಸಿರು ಹಿಡಿದು ಇಡುತ್ತಾರೆ.
ಇಪ್ಪತ್ತೆಂಟು ವರ್ಷದಲ್ಲಿ ಅದು
ಒಂದು ಹಿಡಿ ಅಕ್ಕಿ ತೂಗಿದ್ದು ನಾನು ಕಂಡಿಲ್ಲ.
ಮೊದಲ ಸಲ ನೋಡಿದ ದಿನ,
ಪಡಚೋನೇ, ನೀನೂ ಹೀಗೆಯೇ ಏನು
ಅಂದುಬಿಟ್ಟು ನಾಲಗೆ ಕಚ್ಚಿಕೊಂಡೆ.

ರೈಟರ್ ಬಿದ್ದಯ್ಯನವರಿಗೆ ಇದನ್ನೊಮ್ಮೆ ಹೇಳಿದ್ದೆ,
ಹಣ್ಣು ಕುಯ್ಯುವ ಕಾಲ, ಕಣದಲ್ಲಿ.
ನಕ್ಕರು. "ಮುಳ್ಳು ಆಡಬೇಕು ಹಂಸಾ,
ಅತ್ತ ಇತ್ತ ವಾಲುವ ಹಾಗೆ ಬಿಡಬೇಕು.
ಗಟ್ಟಿ ಬೆಸುಗೆ ಹಾಕಿದರೆ ತಪ್ಪೇ ಇಲ್ಲ,
ತಕ್ಕಡಿಯೂ ಇಲ್ಲ.
ಅದಕ್ಕೇ ಅವನು ಲೋಕವನ್ನು ಸಡಿಲ ಬಿಟ್ಟದ್ದು."
ಒಳ್ಳೆಯ ಮಾತು. ಆಡುತ್ತ ಆಡುತ್ತಲೇ
ಆಳಿನ ಮೂಟೆಗೆ ಎರಡು ಕಿಲೋ ಕಳೆದು ಬರೆದುಕೊಂಡರು.
ಆ ಸಡಿಲಕ್ಕೆ ಸೀಸ ಎಲ್ಲಿ ಹೊಯ್ಯಲಿ?

ಇರಲಿ, ಮನುಷ್ಯರ ಲೆಕ್ಕ ಮನುಷ್ಯರಿಗೆ.
ಹೋದ ಮಾಘದಲ್ಲಿ ಆಸ್ಪತ್ರೆಯಿಂದ
ನರ್ಸ್ ದೇಚವ್ವ ಹೇಳಿಕಳಿಸಿದರು:
ಕೂಸಿನ ತಕ್ಕಡಿ ನೋಡಬೇಕು, ಈಗಲೇ.
ಲೈನುಮನೆಯ ಬೊಳ್ಳಿ ಹೆತ್ತಿದ್ದಳು, ಏಳೇ ತಿಂಗಳಿಗೆ.
ಒಂದು ಕಿಲೋ ನೂರ ಅರವತ್ತು ಗ್ರಾಂ.
ಮಡಿಕೇರಿಯಲ್ಲಿ ಹಾಸಿಗೆ ಖಾಲಿ ಇಲ್ಲ.
"ತಕ್ಕಡಿ ಸುಳ್ಳು ಹೇಳ್ತದೆ" ಎಂದು ಕೂತಿದ್ದಳು ಬೊಳ್ಳಿ,
ಗೋಡೆಗೆ ಒರಗಿ, ಯಾರ ಮುಖವನ್ನೂ ನೋಡದೆ.

ತಟ್ಟೆಯಲ್ಲಿ ಒಂದು ಕಿಲೋ ಇಟ್ಟೆ. ನೂರು. ಐವತ್ತು. ಹತ್ತು.
ಮೇಜಿನ ಕಾಲಿಗೆ ರಟ್ಟು ಕೊಟ್ಟು ಮತ್ತೆ ಇಟ್ಟೆ.
ಫ್ಯಾನು ನಿಲ್ಲಿಸಿ ಮತ್ತೆ ಇಟ್ಟೆ.
ಜೀವಮಾನದಲ್ಲಿ ಅಂದೊಂದೇ ದಿನ
ತಪ್ಪು ಸಿಗಲಿ ಎಂದು ಬೇಡಿಕೊಂಡೆ.
ಮುಳ್ಳು ಗೆರೆಯ ಮೇಲೆ ನಿಂತೇ ಇತ್ತು.
"ಸರಿ ಉಂಟಾ?" ಕೇಳಿದಳು.
"ಸರಿ ಉಂಟು" ಅಂದೆ.
ಎಷ್ಟು ಕಳ್ಳ ತಕ್ಕಡಿ ಹಿಡಿದ ಕೈ ಇದು,
ಅಂದು ಜೇಬಿನಲ್ಲಿ ಬಚ್ಚಿಟ್ಟುಕೊಂಡೆ.

ಕಡೆಯ ದಿನ ಮೀಝಾನ್ ನಿಲ್ಲುತ್ತದೆ,
ಸಾಸಿವೆಯಷ್ಟೂ ತಪ್ಪಿಹೋಗದು,
ಚಿಕ್ಕಂದಿನಲ್ಲಿ ಉಸ್ತಾದರು ಕಲಿಸಿದ್ದು. ನಂಬಿದ್ದೇನೆ.
ತೂಗುವಾಗ ನೀನು ಸರಿಯಾಗಿಯೇ ತೂಗುತ್ತೀ.
ನನ್ನ ತಕರಾರು ಅಳೆದು ಕಳಿಸಿದ ಕೈಯದು:
ಎರಡೂವರೆ ಕಿಲೋ ಇರಬೇಕಾದಲ್ಲಿ ಇಷ್ಟು ಕಡಿಮೆ,
ಇದನ್ನು ಯಾವ ಕಾಯಿದೆ ಒಪ್ಪಿತು?
ಮುದ್ರೆ ಯಾರದು?

ಕಲ್ಲುಗಳನ್ನು ಚೀಲಕ್ಕೆ ತುಂಬುವಾಗ ಕಂಡೆ,
ದೇಚವ್ವ ಗ್ಲೌಸು ಬಿಚ್ಚಿ
ಕೂಸನ್ನು ಬರಿಗೈಲಿ ಎತ್ತಿ
ಬೊಳ್ಳಿಯ ಬರಿ ಎದೆಗೆ ಒತ್ತಿ
ಹಳೆ ಸೀರೆಯಲ್ಲಿ ಇಬ್ಬರನ್ನೂ ಬಿಗಿದರು.
ಮೂವರ ಬೆವರೂ ಅಂಟಿರಬೇಕು ಒಂದಕ್ಕೊಂದು.
ಮುಖ ತಿರುಗಿಸಿ ಹೊರಟೆ.

ಮರುದಿನ ಫೋನು: ಒಂದು ನೂರ ಐವತ್ತು.
ಆರನೆಯ ದಿನ: ಒಂದು ನೂರ ಎಪ್ಪತ್ತು!
"ಹಂಸಾ, ತಕ್ಕಡಿ ಸರಿ ಉಂಟಲ್ಲ?"
ಉಂಟು ಅಕ್ಕಾ.
ಹತ್ತು ಗ್ರಾಂ ಆಚೆ ಈಚೆ ಇರಬಹುದು,
ಅಷ್ಟನ್ನು ಕಾಯಿದೆ ಒಪ್ಪುತ್ತದೆ
ಅನ್ನುವ ಮಾತು ಗಂಟಲಿಗೆ ಬಂದಿತ್ತು.
ಅಂಗಡಿಯ ಬಾಗಿಲು ಅರ್ಧ ಎಳೆದು
ಫೋನನ್ನು ಕಿವಿಗೆ ಹಾಗೇ ಹಿಡಿದು ನಿಂತೆ.