ಅಂಗಾಲಿನ ಅಗಲ

ಬಿಕಿನ್ ನದಿ ಹೆಪ್ಪುಗಟ್ಟಿ ಹದಿನೆಂಟು ದಿನ.
ಬೆಳಿಗ್ಗೆ ಎಂಟಕ್ಕೆ ಪ್ರೊಕೋಪಿ ಮಾಮ
ಬಾಗಿಲು ತಟ್ಟುವುದಿಲ್ಲ, ಕೆಮ್ಮುತ್ತಾನೆ.
ಅಳತೆಪಟ್ಟಿ, ಪೆನ್ಸಿಲು ಜೇಬಿಗೆ.
ಪೆನ್ನಿನ ಶಾಯಿ ಈ ಚಳಿಗೆ ಕಲ್ಲು.

ಮೊದಲ ವಾರ ಕಂಡದ್ದನ್ನೆಲ್ಲ ಹುಲಿ ಅಂದೆ.
ಕೊಂಬೆಯಿಂದ ಹಿಮ ಬಿದ್ದು ಆದ ಗುಳಿ ಹುಲಿ,
ಬಿಸಿಲಿಗೆ ಕರಗಿ ಅಗಲವಾದ ಲಿಂಕ್ಸ್ ಹೆಜ್ಜೆ ಹುಲಿ,
ಕೊನೆಗೆ ಲ್ಯೂಬಾ ಅತ್ತೆಯ ನಾಯಿಯೂ.
ಅವನು ನಗಲಿಲ್ಲ.
"ಹೆಸರಿಡೋಕೆ ಅವಸರ ಯಾಕೆ ತೈಸಿಯಾ,
ತೊಟ್ಟಿಲ ಮಗುವೇನು?
ಉಗುರು ಕಂಡಿತಾ? ಇಲ್ಲ ಅನ್ನು.
ಇವತ್ತಿಗೆ ಅಷ್ಟು ಸಾಕು."

ಕೈಗವಸು ಕಳಚಿಸಿದ.
ಹೆಜ್ಜೆಯ ಅಂಚನ್ನು ಬರಿಬೆರಳಲ್ಲಿ ಮುಟ್ಟಿಸಿದ:
ಹಿಟ್ಟಿನಂತೆ ಉದುರಿದರೆ ಇಂದಿನದು,
ಮೊಟ್ಟೆಯ ಸಿಪ್ಪೆಯಂತೆ ಮುರಿದರೆ ನಿನ್ನೆಯದು,
ಬೆರಳೇ ನೊಂದರೆ
ಆ ಪ್ರಾಣಿ ಈಗ ಬೇರೆ ಯಾರದೋ ಕಣಿವೆಯಲ್ಲಿ.

"ಹತ್ತೂವರೆ ಸೆಂಟಿಮೀಟರ್ ದಾಟಿದರೆ ಗಂಡು.
ಬೆರಳು ಬಿಡು, ಅಂಗಾಲಿನ ಮೆತ್ತೆ ಮಾತ್ರ ಅಳೆ.
ಮುಂಗಾಲಿನದು."
ಇವನಪ್ಪ ಇದೇ ಕಣಿವೆಯಲ್ಲಿ
ಹುಲಿಯ ಜಾಡು ಅಡ್ಡ ಬಂದರೆ
ಟೋಪಿ ತೆಗೆದು, ದಾರಿ ಬಿಟ್ಟು, ಮನೆಗೆ ಮರಳುತ್ತಿದ್ದನಂತೆ.
ಮಗ ಮೊಣಕಾಲೂರಿ ಅಳೆಯುತ್ತಾನೆ.
ಅಳೆದಾದ ಮೇಲೆ, ನನಗೆ ಕಾಣದ ಹಾಗೆ,
ಟೋಪಿಯನ್ನು ಒಂದಿಷ್ಟು ಎತ್ತುತ್ತಾನೆ.

ಇವತ್ತು, ಕಾಡುಹಂದಿಗಳು ಪೈನ್ ಬೀಜಕ್ಕಾಗಿ
ಉತ್ತುಹಾಕಿದ ನೆಲದಾಚೆ, ಅವಳು.
ಒಂಬತ್ತು. ಒಂಬತ್ತು. ಮತ್ತೆ ಒಂಬತ್ತು.
ಒಂಟಿ ಹೆಣ್ಣು ಅಂದುಕೊಂಡೆ. ನದಿಯ ತಿರುವಿನಲ್ಲಿ
ಆ ಒಂದೇ ಸಾಲು ಬಿಚ್ಚಿ ಮೂರಾಯಿತು:
ತಾಯಿಯ ಹೆಜ್ಜೆಯೊಳಗೇ ಹೆಜ್ಜೆಯಿಟ್ಟು ಬಂದ ಎರಡು ಮರಿ
ಮಂಜುಗಡ್ಡೆ ಕಂಡೊಡನೆ ಶಿಸ್ತು ಮರೆತು ಜಾರಿವೆ,
ಹೊಟ್ಟೆಯ ಮೇಲೆ, ಎರಡು ಮಾರು.
ಕೂಗಿಬಿಟ್ಟೆ. ಕಾಡಿನಲ್ಲಿ ಕೂಗಬಾರದು.

ವಾಪಸಾಗುವಾಗ ನಮ್ಮದೇ ಬೆಳಗಿನ ಜಾಡು.
ಓದುವ ಚಟ ಹತ್ತಿತ್ತಲ್ಲ, ಓದಿದೆ.
ನನ್ನವು ಅಡ್ಡಾದಿಡ್ಡಿ. ಅವನವು ಹಗ್ಗ ಎಳೆದಂತೆ ನೇರ,
ಆದರೆ ಎಡಗಾಲು ಎತ್ತಿಲ್ಲ, ಗೀರಿದೆ.
ಏರಿನಲ್ಲೆಲ್ಲ ಕೋಲಿನ ತೂತು ಆಳ.
"ನೀನು ಮುಂದೆ ಹೋಗಿ ನೋಡು"
ಎಂದು ನನ್ನ ಕಳಿಸಿದ ಕಡೆಯೆಲ್ಲ
ಬಿದ್ದ ಮರದ ಪಕ್ಕ ಕೂತೆದ್ದ ಮೈಯ ಅಚ್ಚು.
ಐದು ಸಲ.
ಅಂಚು ಮುಟ್ಟಿ ನೋಡಬೇಕಿರಲಿಲ್ಲ.

ತಿರುಗಿದರೆ ಅವನು ನನ್ನ ಮುಖದಲ್ಲಿ
ನಾನೇನು ಓದಿದೆನೆಂದು ಓದುತ್ತಿದ್ದ.
"ಬರಕೋ," ಅಂದ. "ತಾಯಿ ಒಂದು, ಮರಿ ಎರಡು."
ಬರೆದೆ.
ಷರಾ ಎಂಬ ಅಂಕಣ ಖಾಲಿ ಬಿಟ್ಟೆ.
ಹಳ್ಳಿಯ ಹೊಗೆ ಕಾಣುವವರೆಗೆ ಮುಂದೆ ನಾನೇ ನಡೆದೆ,
ಹಿಮವನ್ನು ತುಳಿದು ಗಟ್ಟಿಮಾಡುತ್ತ,
ಹೆಜ್ಜೆ ಚಿಕ್ಕದಾಗಿ,
ಅವನ ಅಳತೆಗೆ.